ಕಡಲ ನಡುವೆ ಎಂಟು ದಿನ, ಜೊತೆಗೊಂದು ಸಕ್ಕರೆ ಕಾಯಿಲೆ

ಚೆನ್ನೈ ನಗರದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಪ್ರವಾಸಗಳಿಗೆ ಬಹುಮಟ್ಟಿಗೆ ಮೂರೇ ದಾರಿ. ಬೇಸಗೆಯಲ್ಲಿ ಊರಿಗೆ ಹೋಗಿ ನೆಂಟರ ಮನೆಗಳಲ್ಲಿ ಉಂಡು ಬರುವುದು. ತಿರುಪತಿ, ರಾಮೇಶ್ವರ, ಕಾಶಿ ಎಂದು ಕ್ಷೇತ್ರದರ್ಶನ ಮಾಡುವುದು. ಮಕ್ಕಳು ಹೊರದೇಶದಲ್ಲಿದ್ದರೆ ಅಲ್ಲಿ ಆರು ತಿಂಗಳು ಮೊಮ್ಮಕ್ಕಳನ್ನು ಆಡಿಸಿಕೊಂಡಿರುವುದು. ಬೆನ್ನಿಗೊಂದು ಚೀಲ ಕಟ್ಟಿಕೊಂಡು, ದ್ವೀಪವೊಂದರ ಬಿದಿರಿನ ಗುಡಿಸಲಿನಲ್ಲಿ ತಂಗಿ, ಕಾಡು ಕಡಲುಗಳನ್ನು ಸುತ್ತುವುದು ಕಾಲೇಜಿನ ಹುಡುಗರ ಕೆಲಸವೆಂಬುದು ನಮ್ಮಲ್ಲಿ ರೂಢಮೂಲವಾದ ಅಭಿಪ್ರಾಯ. ಅದರಲ್ಲಿಯೂ ಮನೆಯಲ್ಲೊಬ್ಬರಿಗೆ ಸಕ್ಕರೆ ಕಾಯಿಲೆಯಿದ್ದರಂತೂ ಅಂತಹ ಯೋಚನೆಯನ್ನೇ ಮಾಡತಕ್ಕದ್ದಲ್ಲವೆಂದು ಬಂಧುಬಳಗದವರೆಲ್ಲ ಒಕ್ಕೊರಲಿನಿಂದ ಹೇಳುತ್ತಾರೆ.

ನಾನು ವೃತ್ತಿಯಿಂದ ವೈದ್ಯ, ಈಗ ನಿವೃತ್ತ. ಹುಟ್ಟೂರು ಸಾಗರ. ನನ್ನಾಕೆ ಕುಂದಾಪುರದ ಕಡೆಯವಳು. ಆಕೆಗೆ ಅರವತ್ತೆರಡು ವರ್ಷ, ಹನ್ನೆರಡು ವರ್ಷಗಳಿಂದ ಮಧುಮೇಹ, ನಾಲ್ಕು ವರ್ಷಗಳಿಂದ ದಿನಕ್ಕೆರಡು ಬಾರಿ ಇನ್ಸುಲಿನ್. ಜೊತೆಗೆ ಪಾದಗಳ ಸ್ಪರ್ಶಜ್ಞಾನ ಸ್ವಲ್ಪ ಮಂದವಾಗಿದೆ. ಈ ಸ್ಥಿತಿಯಲ್ಲಿ 2024ರ ಫೆಬ್ರವರಿಯಲ್ಲಿ ನಾವಿಬ್ಬರೂ ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೋಗಿ ಎಂಟು ದಿನ ಇದ್ದು ಬಂದೆವು. ಪುಣೆಯಲ್ಲಿರುವ ಮಗಳು ದೂರವಾಣಿಯಲ್ಲಿ, "ಅಪ್ಪಾ, ಅಮ್ಮನ ಕಾಲು ನಿಮಗೆ ಗೊತ್ತಿಲ್ಲವೇ?" ಎಂದು ಕೇಳಿದಳು. ಗೊತ್ತಿದ್ದುದರಿಂದಲೇ ನಾನು ಒಂದು ತಿಂಗಳು ಮುಂಚಿತವಾಗಿ ಸಿದ್ಧತೆಗೆ ತೊಡಗಿದೆ. ಆ ಸಿದ್ಧತೆಯೂ, ದ್ವೀಪದಲ್ಲಿ ಕಂಡದ್ದೂ ನಮ್ಮ ಸಂಘದ ಹಿರಿಯ ಸದಸ್ಯರಿಗೆ ಉಪಯೋಗವಾದೀತೆಂದು ಈ ಬರಹ.

ಸ್ವರಾಜ್ ದ್ವೀಪವೆಂದರೆ ನಮ್ಮಲ್ಲಿ ಅನೇಕರು ಕೇಳಿರುವ ಹ್ಯಾವ್‌ಲಾಕ್ ದ್ವೀಪವೇ. ಆಂಗ್ಲ ಸೇನಾಪತಿಯೊಬ್ಬನ ಹೆಸರಿನ ಈ ದ್ವೀಪಕ್ಕೆ 2018ರ ಡಿಸೆಂಬರ್ 30ರಂದು ಈಗಿನ ಹೆಸರನ್ನಿಟ್ಟರು; 1943ರಲ್ಲಿ ಅದೇ ದಿನ ಸುಭಾಷಚಂದ್ರ ಬೋಸರು ಪೋರ್ಟ್ ಬ್ಲೇರಿನಲ್ಲಿ ಧ್ವಜವನ್ನೇರಿಸಿದ್ದರು. ನಾವು ಹೋದಾಗ ಪೋರ್ಟ್ ಬ್ಲೇರ್ ಆಗಿದ್ದ ಆ ಪಟ್ಟಣ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಆಗಿದೆ. ಚೆನ್ನೈಯಿಂದ ಅಲ್ಲಿಗೆ ವಿಮಾನದಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ ಹೊತ್ತು. ಹಡಗಿನಲ್ಲಿ ಹೋದರೆ ಸುಮಾರು ಮೂರು ದಿನ. ಅಲ್ಲಿಂದ ದ್ವೀಪಕ್ಕೆ ಮತ್ತೆ ದೋಣಿ. ಅಕ್ಷಾಂಶದ ಲೆಕ್ಕದಲ್ಲಿ ನೋಡಿದರೆ ಈ ದ್ವೀಪವೂ ನಮ್ಮ ಚಾಮರಾಜನಗರವೂ ಹೆಚ್ಚುಕಡಮೆ ಒಂದೇ ಗೆರೆಯ ಮೇಲಿವೆ. ಆದುದರಿಂದ ಬಿಸಿಲು ನಮಗೆ ಹೊಸದಲ್ಲ. ಆದರೆ ರೇಖಾಂಶ ಹೊಸದು, ಮತ್ತು ಮಧುಮೇಹಿಗೆ ಅದೇ ಮುಖ್ಯವಾದುದು.

ಏಕೆಂದರೆ ದ್ವೀಪವು ಸುಮಾರು 93 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದು, ಗಡಿಯಾರ ಮಾತ್ರ ಭಾರತೀಯ ಕಾಲಮಾನವನ್ನೇ ತೋರಿಸುತ್ತದೆ. ಫೆಬ್ರವರಿಯಲ್ಲಿ ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗಿಬಿಡುತ್ತಾನೆ. ಚೆನ್ನೈಯಲ್ಲಿ ಅದೇ ದಿನ ಇನ್ನೂ ಮುಕ್ಕಾಲು ಗಂಟೆಗೂ ಹೆಚ್ಚು ಬೆಳಕಿರುತ್ತದೆ. ದ್ವೀಪದ ಜನ ಸೂರ್ಯನನ್ನನುಸರಿಸುವವರು; ಮುಂಜಾನೆ ಐದಕ್ಕೆ ಏಳುತ್ತಾರೆ, ಮಧ್ಯಾಹ್ನದ ಊಟ ಬೇಗ, ರಾತ್ರಿಯೂ ಬೇಗ. ಚಿಕ್ಕ ಊಟದ ಮನೆಗಳಲ್ಲಿ ರಾತ್ರಿ ಒಂಬತ್ತಕ್ಕೆ ಒಲೆ ಆರಿರುತ್ತದೆ. ಗಡಿಯಾರ ನೋಡಿ ಇನ್ಸುಲಿನ್ ಚುಚ್ಚಿಕೊಂಡು, ನಿಧಾನವಾಗಿ ಊಟ ಹುಡುಕಲು ಹೊರಟ ಮಧುಮೇಹಿಗೆ ಅಲ್ಲಿ ಅನ್ನವೇ ದೊರೆಯದಿರಬಹುದು. ನಾವು ಮೊದಲ ದಿನದಿಂದಲೇ ಚುಚ್ಚುಮದ್ದನ್ನು ಗಡಿಯಾರಕ್ಕೆ ಕಟ್ಟದೆ ಊಟದ ತಟ್ಟೆಗೆ ಕಟ್ಟಿದೆವು. ತಟ್ಟೆ ಕಣ್ಣೆದುರಿಗೆ ಬಂದ ಮೇಲೆ ಸೂಜಿ. ನನ್ನಾಕೆ ತೆಗೆದುಕೊಳ್ಳುವುದು ಊಟಕ್ಕೆ ತುಸು ಮೊದಲು ತೆಗೆದುಕೊಳ್ಳಬಹುದಾದ ವೇಗದ ಬಗೆಯಾದುದರಿಂದ ಇದು ಸಾಧ್ಯವಾಯಿತು. ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಬೇಕಾದ ಹಳೆಯ ಬಗೆಯನ್ನು ಬಳಸುವವರು ತಮ್ಮ ವೈದ್ಯರೊಡನೆ ಮೊದಲೇ ಮಾತನಾಡಿ ಹೊರಡಬೇಕು.

ಇನ್ನು ಇನ್ಸುಲಿನ್ನನ್ನು ಕಾಪಾಡುವ ಮಾತು. ವಿಮಾನದ ಸರಕಿನ ಕೋಣೆಯಲ್ಲಿ ಅದು ಹೆಪ್ಪುಗಟ್ಟುವ ಅಪಾಯವಿರುವುದರಿಂದ ಯಾವಾಗಲೂ ಕೈಚೀಲದಲ್ಲಿರಬೇಕು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನಿಷ್ಪ್ರಯೋಜಕ. ಬಳಕೆಗೆ ತೆಗೆದ ಸೀಸೆ ಸಾಮಾನ್ಯವಾಗಿ ಮೂವತ್ತು ಡಿಗ್ರಿಯೊಳಗಿನ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರ ಕೆಡದೆ ನಿಲ್ಲುತ್ತದೆ. ನಮ್ಮ ಬಯಲುಸೀಮೆಯಲ್ಲಿ ತೇವದ ಮಣ್ಣಿನ ಮಡಕೆಯೊಳಗಿಟ್ಟರೆ ಸೊಗಸಾಗಿ ತಣ್ಣಗಿರುತ್ತದೆ. ಆದರೆ ಮಡಕೆ ತಂಪಾಗುವುದು ನೀರು ಆವಿಯಾಗುವುದರಿಂದ. ಕಡಲಿನ ನಡುವಿನ ದ್ವೀಪದ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಅಲ್ಲಿ ಮಡಕೆಯ ವಿದ್ಯೆ ಅರ್ಧಕ್ಕರ್ಧ ಸೋಲುತ್ತದೆ. ಆದುದರಿಂದ ಹೆಚ್ಚಿನ ಸೀಸೆಗಳನ್ನು ಗುಡಿಸಲಿನ ಯಜಮಾನಿಯ ಶೀತಪೆಟ್ಟಿಗೆಯಲ್ಲಿರಿಸಿ, ಆ ವಾರದ ಒಂದನ್ನು ಮಾತ್ರ ಅಗಲ ಬಾಯಿಯ ಥರ್ಮಾಸಿನಲ್ಲಿ ಜೊತೆಗೊಯ್ಯುತ್ತಿದ್ದೆವು. ಆ ತಾಯಿ ಪೂರ್ವ ಬಂಗಾಳದಿಂದ 1950ರ ದಶಕದಲ್ಲಿ ಬಂದು ಕಾಡು ಕಡಿದು ನೆಲೆಸಿದ ನಿರಾಶ್ರಿತರ ಮನೆತನದವರು. ದ್ವೀಪದ ಹಳ್ಳಿಗಳ ಹೆಸರುಗಳೇ ಆ ಕಥೆಯನ್ನು ಹೇಳುತ್ತವೆ: ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ವಿಜಯನಗರವೆಂಬ ಹೆಸರನ್ನು ಕಂಡು ನನಗೆ ಅಕಾರಣವಾಗಿ ಹಿಗ್ಗಾದುದನ್ನು ಮರೆಮಾಡಲಾರೆ.

ದೋಣಿಯ ವಿಷಯ ಹೇಳಬೇಕು. ಸರ್ಕಾರಿ ದೋಣಿಗೆ ಸುಮಾರು ಎರಡೂವರೆ ಗಂಟೆ, ಖಾಸಗಿಯವರ ವೇಗದ ದೋಣಿಗೆ ಒಂದೂವರೆ ಗಂಟೆಯ ಆಸುಪಾಸು ಬೇಕು. ಕಡಲು ಸ್ವಲ್ಪ ಕುಣಿದರೆ ವಾಂತಿ ತಪ್ಪಿದ್ದಲ್ಲ. ಇತರರಿಗೆ ಅದೊಂದು ಪೇಚಾಟ. ಇನ್ಸುಲಿನ್ ತೆಗೆದುಕೊಂಡು ತಿಂಡಿ ತಿಂದವರಿಗೆ ಅಪಾಯ, ಏಕೆಂದರೆ ತಿಂಡಿ ಹೊರಬರುತ್ತದೆ, ಔಷಧ ಒಳಗೇ ಉಳಿಯುತ್ತದೆ. ನಾವು ದೋಣಿಯ ನಡುಭಾಗದಲ್ಲಿ, ಕೆಳಗಡೆಯ ಆಸನ ಹಿಡಿದೆವು. ಅಲ್ಲಿ ಓಲಾಟ ಕಡಮೆ. ಹೊರಡುವುದಕ್ಕೆ ಒಂದು ಗಂಟೆ ಮೊದಲು ಅವೊಮಿನ್ ಗುಳಿಗೆ ನುಂಗಿ, ದೃಷ್ಟಿಯನ್ನು ದಿಗಂತದ ಮೇಲೆ ನೆಟ್ಟುಕೊಂಡು ಕುಳಿತೆವು. ಆ ಗುಳಿಗೆಯಿಂದ ತೂಕಡಿಕೆ ಬರುತ್ತದೆಂಬುದನ್ನು ನೆನಪಿಡಬೇಕು. ಪ್ರಾಸ್ಟೇಟ್ ತೊಂದರೆಯೋ ಕೆಲವು ಬಗೆಯ ಕಣ್ಣಿನ ಒತ್ತಡವೋ ಇರುವ ಹಿರಿಯರು ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಲಾಗದು.

ಹಡಗುಕಟ್ಟೆಯಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ, ದ್ವೀಪದ ಪಡುವಣ ಅಂಚಿನಲ್ಲಿ ರಾಧಾನಗರದ ಕಡಲತೀರವಿದೆ. ಕನ್ನಡದ ಕರಾವಳಿಯಲ್ಲಿ ತೆಂಗಿನ ತೋಟದ ಅಂಚಿಗೆ ಕಡಲು ಬರುತ್ತದೆ. ಇಲ್ಲಿ ಮಹಾರಣ್ಯದ ಅಂಚಿಗೇ ಬರುತ್ತದೆ. ನೂರಡಿಯ ಮರಗಳು ನೇರವಾಗಿ ನಿಂತು, ಅವುಗಳ ಬುಡದಿಂದಲೇ ಬಿಳಿಯ ಮರಳು ಆರಂಭವಾಗುತ್ತದೆ. ಮರಳು ಬಿಳಿಯಾಗಿರುವುದರ ಕಾರಣ ವಿಚಿತ್ರವಾದುದು. ಗಿಳಿಮೀನೆಂಬ ಬಣ್ಣದ ಮೀನುಗಳು ಹವಳದ ಬಂಡೆಯ ಮೇಲಿನ ಪಾಚಿಯನ್ನು ಮೇಯುವಾಗ ಬಂಡೆಯನ್ನೂ ಕಚ್ಚಿ ಅರೆದು, ಅರಗದುದನ್ನು ಪುಡಿಯಾಗಿ ಹೊರಹಾಕುತ್ತವೆ. ಹವಳದ ತೀರಗಳ ಮರಳಿನಲ್ಲಿ ಒಂದು ಪಾಲು ಹೀಗೆ ಬಂದುದು. ಇದನ್ನು ಹೇಳಿದಾಗ ನನ್ನಾಕೆ, "ಇಷ್ಟು ಹೊತ್ತು ಚೆನ್ನಾಗಿತ್ತು, ಯಾಕೆ ಹೇಳಿದಿರಿ?" ಎಂದಳು.

ಅಂಡಮಾನಿನ ಕಾಡುಗಳಲ್ಲಿ ಹುಲಿ, ಚಿರತೆ, ಕರಡಿಗಳಿಲ್ಲ. ಭೂಖಂಡದಿಂದ ಬೇರ್ಪಟ್ಟ ನೆಲವಾದುದರಿಂದ ಇಲ್ಲಿಯ ಜೀವಿಗಳದೇ ಬೇರೊಂದು ಕುಟುಂಬ. ಮೈಯೆಲ್ಲ ಕಪ್ಪಾಗಿ ನೆತ್ತಿಗೆ ಕೆಂಪು ತುರಾಯಿ ಧರಿಸಿದ ಅಂಡಮಾನ್ ಮರಕುಟಿಗವನ್ನು ಎರಡು ಬಾರಿ ಕಂಡೆವು. ಗುಡಿಸಲಿನ ಕಂಬದ ಮೇಲೆ ಹಗಲಿನಲ್ಲೇ ಓಡಾಡುತ್ತಿದ್ದ ಎಲೆಹಸಿರು ಹಲ್ಲಿಯೊಂದು ನಮ್ಮ ನಿತ್ಯದ ಅತಿಥಿಯಾಗಿತ್ತು. ಈ ಹಲ್ಲಿ ಅಂಡಮಾನಿನಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ಇದರ ದಾಯಾದಿಗಳೆಲ್ಲ ಸಾವಿರಾರು ಮೈಲಿ ದೂರದ ಮಡಗಾಸ್ಕರ್ ಕಡೆಯ ದ್ವೀಪಗಳಲ್ಲಿವೆ. ಮರ ಸಾಗಿಸಲೆಂದು ಭೂಖಂಡದಿಂದ ತಂದ ಆನೆಗಳ ಪೈಕಿ ರಾಜನ್ ಎಂಬುದು ಕಡಲಿನಲ್ಲಿ ಈಜುವುದಕ್ಕೆ ಲೋಕಪ್ರಸಿದ್ಧವಾಗಿದ್ದು, 2016ರಲ್ಲಿ ಈ ದ್ವೀಪದಲ್ಲೇ ತೀರಿಕೊಂಡಿತು. ಅದರ ನೆನಪನ್ನು ಇಲ್ಲಿಯ ಜನ ಹಿರಿಯ ಬಂಧುವಿನ ವಿಷಯವೆಂಬಂತೆ ಹೇಳುತ್ತಾರೆ.

ಪ್ರವಾಸಿಗರೆಲ್ಲರೂ ಕೇಳುವುದು ಮೊಸಳೆಯ ವಿಷಯ. ಉಪ್ಪುನೀರಿನ ಮೊಸಳೆ ಅಂಡಮಾನಿನಲ್ಲಿದೆ. 2010ರಲ್ಲಿ ರಾಧಾನಗರದ ಪಕ್ಕದ ಕೊಲ್ಲಿಯಲ್ಲಿ ಈಜುತ್ತಿದ್ದ ಅಮೆರಿಕದ ಯುವತಿಯೊಬ್ಬಳನ್ನು ಅದು ಬಲಿ ತೆಗೆದುಕೊಂಡಿತು. ತೊರೆ ಕಡಲನ್ನು ಸೇರುವ ಬಾಯಿ, ಕಾಂಡ್ಲಾ ಗಿಡಗಳ ಕೆಸರು, ಮುಸ್ಸಂಜೆಯ ನೀರು, ಇವುಗಳಿಂದ ದೂರವಿದ್ದು, ಎಚ್ಚರಿಕೆಯ ಫಲಕಗಳನ್ನು ಅಲಂಕಾರವೆಂದು ಭಾವಿಸದಿದ್ದರೆ ಸಾಕು. ಕಪ್ಪು-ನೀಲಿ ಪಟ್ಟೆಗಳ ಕಡಲಹಾವೂ ಬಂಡೆಗಳ ಬಳಿ ಕಾಣಸಿಗುತ್ತದೆ. ವಿಷ ತೀವ್ರ, ಸ್ವಭಾವ ಸೌಮ್ಯ. ಅದನ್ನು ಹಿಡಿದು ಛಾಯಾಚಿತ್ರ ತೆಗೆಸಿಕೊಳ್ಳುವ ಹುಚ್ಚು ಯಾರಿಗೂ ಬೇಡ. ಆದರೆ ದ್ವೀಪದಲ್ಲಿ ಮನುಷ್ಯನನ್ನು ನಿಜವಾಗಿ ಬಳಲಿಸುವ ಪ್ರಾಣಿಗಳು ಬಹಳ ಸಣ್ಣವು. ಬೆಳಗ್ಗೆ ಮತ್ತು ಸಂಜೆ ಮರಳಿನಿಂದೇಳುವ ನುಸಿ ಕಚ್ಚಿದಾಗ ಗೊತ್ತೇ ಆಗದು. ಮರುದಿನ ಕೆಂಪು ಗುಳ್ಳೆಯೆದ್ದು ಒಂದು ವಾರ ತುರಿಸುತ್ತದೆ. ತುರಿಸಿಕೊಂಡ ಉಗುರಿನಿಂದ ಕೀವು. ಸಕ್ಕರೆ ಕಾಯಿಲೆಯವರಲ್ಲಿ ಆ ಕೀವು ಹರಡುವ ವೇಗವನ್ನು ವೃತ್ತಿಯಲ್ಲಿ ನಾನು ಎಷ್ಟೋ ಬಾರಿ ನೋಡಿದ್ದೇನೆ. ನಾವು ಕಾಲಿಗೆ ತೆಂಗಿನೆಣ್ಣೆಯನ್ನು ದಪ್ಪವಾಗಿ ಬಳಿದು, ಮೇಲೆ ಸೊಳ್ಳೆ ಓಡಿಸುವ ಮುಲಾಮು ಹಚ್ಚಿ, ಮರಳಿನ ಮೇಲೆ ನೇರವಾಗಿ ಕೂರದೆ ಚಾಪೆ ಹಾಸಿಕೊಳ್ಳುತ್ತಿದ್ದೆವು. ರಾತ್ರಿ ಸೊಳ್ಳೆಪರದೆ.

ಮೂರನೆಯ ದಿನ ಆನೆ ಕಡಲತೀರಕ್ಕೆ ಕಾಡಿನ ಕಾಲುದಾರಿಯಲ್ಲಿ ನಡೆದೆವು. ಎರಡು ಕಿಲೋಮೀಟರಿಗೂ ಕಡಮೆಯ ದಾರಿ. ಮರದ ಬೇರುಗಳು, ಇಳಿಜಾರು, ಕೊನೆಗೆ ಕೆಸರು. ಬೆವರು ಇಬ್ಬರಿಗೂ ಧಾರಾಕಾರ. ಅರ್ಧ ದಾರಿಯಲ್ಲಿ ನನ್ನಾಕೆ ಇದ್ದಕ್ಕಿದ್ದಂತೆ, "ನಿಮಗೆ ಯಾವಾಗಲೂ ನಿಮ್ಮದೇ ನಡಿಗೆ, ಹಿಂದೆ ಬರುವವರ ಕಡೆ ನೋಡುವುದೇ ಇಲ್ಲ" ಎಂದು ಕಟುವಾಗಿ ನುಡಿದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದವನಿಗೆ ಇಂತಹ ಮಾತು ರಕ್ತದ ಸಕ್ಕರೆಯಿಂದ ಬಂದುದೋ ಸಹಜವಾಗಿ ಬಂದುದೋ ಎಂದು ನಿರ್ಣಯಿಸುವುದು ಸುಲಭವಲ್ಲ. ಬೆರಳು ಚುಚ್ಚಿ ನೋಡಿದೆವು: 64. ಗ್ಲೂಕೋಸ್ ಪುಡಿ ಮೂರು ಚಮಚ, ಹದಿನೈದು ನಿಮಿಷ ವಿಶ್ರಾಂತಿ, ಮತ್ತೆ ಪರೀಕ್ಷೆ, ಅನಂತರ ಎರಡು ಬಿಸ್ಕತ್ತು. ಸಕ್ಕರೆ ಇಳಿದಾಗ ಬರುವ ಬೆವರು, ನಡುಕ, ಸಿಡುಕು ಇವೆಲ್ಲವನ್ನೂ ಉಷ್ಣದೇಶದ ನಡಿಗೆಯಲ್ಲಿ ಬಿಸಿಲಿನ ಲೆಕ್ಕಕ್ಕೆ ಬರೆದುಬಿಡುವ ಸಂಭವವುಂಟು. ಸಾಲದುದಕ್ಕೆ, ಚರ್ಮ ಬಿಸಿಯಾದಾಗ ಚುಚ್ಚಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ನಡೆಯುವ ಸ್ನಾಯುಗಳು ಸಕ್ಕರೆಯನ್ನು ಹೆಚ್ಚಾಗಿ ಹೀರುತ್ತವೆ. ಊರಿನ ಪ್ರಮಾಣವೇ ದ್ವೀಪದಲ್ಲಿ ಅತಿಯಾದೀತು. ಅಂದಿನಿಂದ ನಡಿಗೆಯ ದಿನಗಳಲ್ಲಿ ಬೆಳಗಿನ ಪ್ರಮಾಣವನ್ನು ಸ್ವಲ್ಪ ತಗ್ಗಿಸಿದೆವು. ಎಷ್ಟೆಂಬುದು ಒಬ್ಬೊಬ್ಬರಿಗೂ ಬೇರೆಯಾದುದರಿಂದ ಇಲ್ಲಿ ಅಂಕಿಯನ್ನು ಕೊಡುವುದಿಲ್ಲ.

ಆನೆ ಕಡಲತೀರದಲ್ಲಿ 2004ರ ಸುನಾಮಿಯ ಅನಂತರ ಸತ್ತ ಮಹಾವೃಕ್ಷಗಳು ಬೆಳ್ಳಗೆ ಬಿದ್ದಿವೆ. ಎದೆಮಟ್ಟದ ನೀರಿನಲ್ಲಿ ಮುಖವಾಡ ಧರಿಸಿ ಕೆಳಗೆ ನೋಡಿದರೆ ಹವಳದ ಊರು. 1998, 2010, 2016 ಹೀಗೆ ಮೇಲಿಂದ ಮೇಲೆ ಕಡಲಿನ ನೀರು ಬಿಸಿಯೇರಿ ಅಂಡಮಾನಿನ ಹವಳಗಳು ಬಿಳಿಚಿಕೊಂಡಿವೆ. ಸತ್ತ ಬೂದು ಬಣ್ಣದ ಪೊದೆಗಳ ನಡುವೆ ಬದುಕಿದ ತುಂಡುಗಳನ್ನು ಹುಡುಕಿ ನೋಡಬೇಕಾಯಿತು. ನೀರಿಗಿಳಿಯುವಾಗ ರಕ್ತದ ಸಕ್ಕರೆ 150ಕ್ಕಿಂತ ಕೆಳಗಿರಕೂಡದೆಂದು ನಾನು ಹಾಕಿದ್ದ ನಿಯಮ. ನೆಲದ ಮೇಲೆ ತಲೆ ತಿರುಗಿದರೆ ಕುಳಿತುಕೊಳ್ಳಬಹುದು, ನೀರಿನಲ್ಲಿ ಕುಳಿತುಕೊಳ್ಳಲು ಸ್ಥಳವಿಲ್ಲ. ಒತ್ತಿ ತುಂಬಿದ ಗಾಳಿಯ ಉರುಳೆ ಹೊತ್ತು ಆಳಕ್ಕಿಳಿಯುವ ಆಟಕ್ಕೆ ನಾವು ಹೋಗಲಿಲ್ಲ. ಹೋಗುವವರು ಕಡೆಯ ಮುಳುಗಿಗೂ ವಿಮಾನ ಹತ್ತುವುದಕ್ಕೂ ನಡುವೆ ಒಂದು ಹಗಲು ಒಂದು ರಾತ್ರಿ ಬಿಡಬೇಕು.

ಪ್ರತಿ ರಾತ್ರಿ ಮಲಗುವ ಮುನ್ನ ಕೈದೀಪದ ಬೆಳಕಿನಲ್ಲಿ ಆಕೆಯ ಪಾದಗಳನ್ನು ನಾನು ಪರೀಕ್ಷಿಸುತ್ತಿದ್ದೆ. ಬೆರಳ ಸಂದಿ, ಹಿಮ್ಮಡಿ, ಅಂಗಾಲು. ದಂಪತಿಗಳಾಗಿ ಪ್ರವಾಸ ಮಾಡುವುದರ ವೈದ್ಯಕೀಯ ಲಾಭ ಇದೇ ಎಂದು ತೋರುತ್ತದೆ: ಅರವತ್ತು ದಾಟಿದವರು ತಮ್ಮ ಅಂಗಾಲನ್ನು ತಾವು ನೋಡಿಕೊಳ್ಳುವುದು ಕಷ್ಟ. ನಾಲ್ಕನೆಯ ರಾತ್ರಿ ಎಡಗಾಲಿನ ಹೆಬ್ಬೆರಳ ಕೆಳಗೆ ಅರ್ಧ ಅಂಗುಲದ ಗೀರು ಕಂಡಿತು. ನೀರಿನ ಪಾದರಕ್ಷೆಯ ಹೊಲಿಗೆಯ ಸಂದಿನಿಂದ ಹವಳದ ಚೂರೊಂದು ಒಳಹೊಕ್ಕಿತ್ತು. ನೋವೇ ಇರಲಿಲ್ಲ, ಅದೇ ಭಯದ ಸಂಗತಿ. ಹವಳದ ಗೀರು ಸಾಮಾನ್ಯ ಗೀರಲ್ಲ. ಸುಣ್ಣದ ಕಣಗಳೂ ಜೀವಕಣಗಳೂ ಗಾಯದಲ್ಲುಳಿದು ವಾರಗಟ್ಟಲೆ ಮಾಯದೆ ಕಾಡುತ್ತದೆ. ಬೆಚ್ಚನೆಯ ಕಡಲನೀರಿನಲ್ಲಿ ವಿಬ್ರಿಯೊ ಎಂಬ ಸೂಕ್ಷ್ಮಾಣುಗಳಿದ್ದು, ಯಕೃತ್ತಿನ ರೋಗಿಗಳಲ್ಲಿ ಮತ್ತು ಮಧುಮೇಹಿಗಳಲ್ಲಿ ಅಪರೂಪವಾಗಿಯಾದರೂ ಗಂಟೆಗಳ ಲೆಕ್ಕದಲ್ಲಿ ಕಾಲನ್ನೇ ನುಂಗಬಲ್ಲವು.

ಕುದಿಸಿ ಆರಿಸಿದ ನೀರನ್ನು ದೊಡ್ಡ ಪಿಚಕಾರಿಯಲ್ಲಿ ತುಂಬಿ ರಭಸದಿಂದ ಗಾಯವನ್ನು ತೊಳೆದು, ಮೃದುವಾದ ಹಲ್ಲುಜ್ಜುವ ಕುಂಚದಿಂದ ಕಣಗಳನ್ನು ತೆಗೆದೆ. ಅಂತಹ ಗಾಯವನ್ನು ಅಂಟುಪಟ್ಟಿಯಿಂದ ಬಿಗಿಯಾಗಿ ಮುಚ್ಚಬಾರದು. ಬೆಳಗಾದೊಡನೆ ದ್ವೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿಯ ತರುಣ ವೈದ್ಯರು ನಾನೂ ವೈದ್ಯನೆಂದು ತಿಳಿದ ಮೇಲೂ ತಮ್ಮದೇ ಪರೀಕ್ಷೆಯನ್ನು ಪೂರ್ತಿ ಮಾಡಿದುದು ನನಗೆ ಮೆಚ್ಚಿಗೆಯಾಯಿತು. ಧನುರ್ವಾಯುವಿನ ಚುಚ್ಚುಮದ್ದು ಹೊರಡುವ ಮೊದಲೇ ಆಗಿತ್ತು. ಅವರು ಡಾಕ್ಸಿಸೈಕ್ಲಿನ್ ಕೊಟ್ಟರು. ಅದಕ್ಕೆ ಎರಡು ಕಾರಣ. ವಿಬ್ರಿಯೊ ಒಂದು. ಇನ್ನೊಂದು, ನಮ್ಮ ಮಲೆನಾಡು ಕರಾವಳಿಗಳಲ್ಲಿ ಇಲಿಜ್ವರವೆಂದು ಕರೆಯುವ ಲೆಪ್ಟೊಸ್ಪೈರೋಸಿಸ್. ಅಂಡಮಾನಿನಲ್ಲಿ 1980ರ ದಶಕದ ಕೊನೆಯಲ್ಲಿ ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ಜನರು ಸಾಯತೊಡಗಿದಾಗ ಅದು ಯಾವ ಜ್ವರವೆಂದೇ ತಿಳಿಯದೆ ಅಂಡಮಾನ್ ರಕ್ತಸ್ರಾವ ಜ್ವರವೆಂದು ಕರೆದಿದ್ದರು. ಮುಂದಿನ ದಶಕದಲ್ಲಿ ಅದು ಇಲಿಜ್ವರವೆಂದು ತಿಳಿದುಬಂದಿತು. ಇಲಿ, ದನಗಳ ಮೂತ್ರ ಬೆರೆತ ಕೆಸರಿನಲ್ಲಿ ಗಾಯದ ಕಾಲಿಟ್ಟರೆ ಸಾಕು. ನಾವು ಹಿಂದಿನ ದಿನಗಳಲ್ಲಿ ತುಳಿದ ಕಾಡಿನ ಕೆಸರು ನೆನಪಾಯಿತು.

ಈಗ ಪ್ರಶ್ನೆ, ಇರುವುದೋ ಹೊರಡುವುದೋ. ದೊಡ್ಡ ಆಸ್ಪತ್ರೆಯಿರುವುದು ಪೋರ್ಟ್ ಬ್ಲೇರಿನಲ್ಲಿ. ಮಧ್ಯಾಹ್ನದ ದೋಣಿ ತಪ್ಪಿದರೆ ಮರುದಿನದವರೆಗೆ ಕಾಯಬೇಕು. ಚೆನ್ನೈಯಿಂದ ಕಡಲ ತಳದಲ್ಲಿ ಎಳೆದ ತಂತಿ 2020ರ ಆಗಸ್ಟಿನಲ್ಲಿ ಈ ದ್ವೀಪವನ್ನು ತಲುಪಿದ ಬಳಿಕ ಚಿತ್ರ ಕಳಿಸುವುದು ಸುಲಭವಾಗಿದೆ. ಗಾಯದ ಚಿತ್ರವನ್ನು ಚೆನ್ನೈಯ ಶಸ್ತ್ರವೈದ್ಯ ಮಿತ್ರರಿಗೆ ಕಳಿಸಿದೆ. ಮೂವರು ವೈದ್ಯರೂ ಒಂದೇ ಮಾತಿಗೆ ಬಂದೆವು: ಪೆನ್ನಿನಿಂದ ಕೆಂಪಿನ ಸುತ್ತ ಗೆರೆಯೆಳೆದು ಆರು ಗಂಟೆಗೊಮ್ಮೆ ನೋಡುವುದು, ಕೆಂಪು ಗೆರೆ ದಾಟಿದರೆ, ಜ್ವರ ಬಂದರೆ, ಗುಳ್ಳೆಯೆದ್ದರೆ, ಆ ಕ್ಷಣ ಹೊರಡುವುದು, ಇಲ್ಲವಾದರೆ ಕಾಲನ್ನು ಒಣದಾಗಿಟ್ಟು ವಿಶ್ರಾಂತಿ. ಅಂದು ರಾತ್ರಿ ನಾನು ಎರಡು ಬಾರಿ ಎದ್ದು ನೋಡಿದೆ. ಮೊದಲ ಬಾರಿ ಕೆಂಪು ಗೆರೆಯನ್ನು ಮುಟ್ಟಿದಂತೆ ಕಂಡಿತು. ಚೀಲಗಳನ್ನು ಕಟ್ಟಿಯೇ ಇಟ್ಟಿದ್ದೆ. ಎರಡನೆಯ ಬಾರಿ, ಮುಂಜಾನೆ ನಾಲ್ಕಕ್ಕೆ, ಅದು ಗೆರೆಯಿಂದ ಒಳಕ್ಕೆ ಸರಿದಿತ್ತು.

ಉಳಿದ ದಿನಗಳಲ್ಲಿ ಆಕೆ ನೀರಿಗಿಳಿಯಲಿಲ್ಲ. "ನೀವು ಹೋಗಿ ಈಜಿ ಬನ್ನಿ, ನಾನು ಏಡಿ ಕಾಯುತ್ತೇನೆ" ಎಂದು ಕಾಲಾಪತ್ಥರ್ ತೀರದಲ್ಲಿ ಮಡಚುಕುರ್ಚಿಯ ಮೇಲೆ ಕಾಲು ಚಾಚಿ ಕುಳಿತಳು. ಸನ್ಯಾಸಿ ಏಡಿಗಳಿಗೆ ಸ್ವಂತ ಚಿಪ್ಪಿಲ್ಲ. ಸತ್ತ ಶಂಖದಲ್ಲಿ ವಾಸ, ಮೈ ಬೆಳೆದಂತೆ ಮನೆ ಬದಲು. ಒಂದು ದೊಡ್ಡ ಖಾಲಿ ಶಂಖದ ಬಳಿ ನಾಲ್ಕಾರು ಏಡಿಗಳು ನೆರೆದು, ದೊಡ್ಡದು ಅದಕ್ಕೆ ಹೊಕ್ಕೊಡನೆ ಅದು ಬಿಟ್ಟ ಚಿಪ್ಪಿಗೆ ಮುಂದಿನದು, ಅದರದಕ್ಕೆ ಮತ್ತೊಂದು ಹೀಗೆ ಮನೆ ಬದಲಾಯಿಸಿದುದನ್ನು ಆಕೆ ನೋಡಿ ಬಂದು ವಿವರಿಸಿದಳು. ಅರ್ಧ ಗಂಟೆ ನೀರಿನಲ್ಲಿದ್ದ ನನಗೆ ಹೇಳಲು ಅಷ್ಟು ಸೊಗಸಾದುದು ಏನೂ ದೊರೆತಿರಲಿಲ್ಲ. ತೀರದಲ್ಲಿ ಶಂಖ ಆರಿಸಿಕೊಳ್ಳುವವರು ಇವುಗಳ ಮನೆಗಳನ್ನು ಹೊತ್ತೊಯ್ಯುತ್ತಿರುತ್ತಾರೆ. ಹವಳದ ತುಂಡಂತೂ ಕಾನೂನಿನಿಂದಲೇ ರಕ್ಷಿತ. ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸಿ ನೋಡುತ್ತಾರೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಯಾದುದರಿಂದ, ಅಲೆ ಒಡೆದೆಡೆಯಲ್ಲೆಲ್ಲ ಸೂಕ್ಷ್ಮಜೀವಿಗಳ ನೀಲಿ ಮಿನುಗೂ ಕಾಣಿಸಿತು. ಅದನ್ನು ನೋಡಲು ಕಾಲು ನೆನೆಸಬೇಕಾಗಿರಲಿಲ್ಲ.

ಊಟದ ಬಗೆಗೆ ಎರಡು ಮಾತು. ಬಂಗಾಳಿ ಮನೆಯೂಟದಲ್ಲಿ ಅನ್ನದ ರಾಶಿ ದೊಡ್ಡದು, ಮೀನಿನ ಸಾರು ಉತ್ತಮ. ಅನ್ನ ಅರ್ಧ ಮಾಡಿ ಮೀನು, ಬೇಳೆ, ಸೊಪ್ಪು ಹೆಚ್ಚಿಸಿಕೊಂಡರೆ ಮಧುಮೇಹಿಗೆ ಅದು ಒಳ್ಳೆಯ ಊಟವೇ. ಎಳನೀರು ನಿರಪಾಯವೆಂದು ಎಲ್ಲರೂ ಹೇಳುತ್ತಾರೆ. ಒಂದು ದೊಡ್ಡ ಲೋಟದಲ್ಲಿ ಒಂದೂವರೆ ಚಮಚದಷ್ಟು ಸಕ್ಕರೆಯಿರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅದರ ಪೊಟ್ಯಾಸಿಯಂ ಹಾನಿ ಮಾಡೀತು. ಭಾಷೆಯ ತೊಂದರೆಯೇ ಇಲ್ಲ. ಹಿಂದಿ, ಬಂಗಾಳಿ ಬಾರದಿದ್ದರೂ ಚೆನ್ನೈಯಲ್ಲಿ ಕಲಿತ ತಮಿಳು ಅಂಗಡಿಗಳಲ್ಲಿ ಧಾರಾಳವಾಗಿ ನಡೆಯಿತು. ಚೀಲದ ತೂಕ ಆಕೆಯದು ನಾಲ್ಕು ಕಿಲೋ, ನನ್ನದು ಏಳು. ಅದರಲ್ಲಿ ಔಷಧಗಳದೇ ಒಂದೂವರೆ. ಹೋಗುವವರು ಡಿಸೆಂಬರ್ ಕಳೆದ ಮೇಲೆ ಏಪ್ರಿಲ್ ಒಳಗೆ ಹೋಗುವುದು ಲೇಸು. ಮಳೆಗಾಲದಲ್ಲಿ ದೋಣಿಗಳೇ ನಿಂತುಹೋಗುವ ದಿನಗಳುಂಟು, ಕೆಸರಿನ ಇಲಿಜ್ವರವೂ ಆಗಲೇ ಹೆಚ್ಚು.

ಹಿಂದಿರುಗಿದ ಮೇಲೆಯೂ ಒಂದು ತಿಂಗಳು ಜ್ವರದ ಮೇಲೆ ಕಣ್ಣಿಟ್ಟಿರಬೇಕು. ಇಲಿಜ್ವರ ಒಂದೆರಡು ವಾರಗಳ ಬಳಿಕ, ಮಲೇರಿಯಾ ಇನ್ನೂ ತಡವಾಗಿ ತಲೆಯೆತ್ತಬಹುದು. ವೈದ್ಯರ ಬಳಿ ಹೋದಾಗ ಮೊದಲ ಮಾತಿನಲ್ಲೇ ಅಂಡಮಾನಿಗೆ ಹೋಗಿದ್ದುದನ್ನು ಹೇಳಬೇಕು. ನಮಗಿಬ್ಬರಿಗೂ ಜ್ವರ ಬರಲಿಲ್ಲ. ಆಕೆಯ ಕಾಲಿನ ಗಾಯ ಚೆನ್ನೈಗೆ ಬಂದ ಹದಿನೆಂಟನೆಯ ದಿನ ಪೂರ್ತಿ ಮುಚ್ಚಿತು. ಪುಣೆಯ ಮಗಳಿಗೆ ಅದರ ಚಿತ್ರವನ್ನು ಆಕೆಯೇ ಕಳಿಸಿದಳು.